ಸೈಕ್ಲಿನ್ ಚಿತ್ರದಲ್ಲಿ ಕಾಣದ ನೀರಿನ ಮಟ್ಟ

ಕಾಲೇಜಿನಲ್ಲಿ ಬಯಾಲಜಿ ಓದಿದವರಿಗೆ ಈ ಚಿತ್ರ ನೆನಪಿರುತ್ತದೆ. ಕೆಳಗೆ ಅಡ್ಡಗೆರೆಯ ಉದ್ದಕ್ಕೂ ಜೀವಕೋಶದ ನಾಲ್ಕು ಹಂತಗಳು: ಜಿ1, ಎಸ್, ಜಿ2, ಎಂ. ಅವುಗಳ ಮೇಲೆ ನಾಲ್ಕು ಬಣ್ಣದ ಅಲೆಗಳು. ಒಂದೊಂದಕ್ಕೂ ಒಂದು ಹೆಸರು: ಸೈಕ್ಲಿನ್ ಡಿ, ಇ, ಎ, ಬಿ. ಪಕ್ಕದಲ್ಲಿ ಅವುಗಳ ಜೋಡಿಗಳ ಪಟ್ಟಿ: ಡಿ ಜೊತೆ ಸಿಡಿಕೆ4 ಮತ್ತು 6, ಇ ಜೊತೆ ಸಿಡಿಕೆ2, ಹೀಗೆ. ಬೆಂಗಳೂರಿನಲ್ಲಿ ಓದಿದರೂ ಇದೇ, ಬೋಸ್ಟನ್‌ನಲ್ಲಿ ಓದಿದರೂ ಇದೇ. ಪರೀಕ್ಷೆಗೆ ಬಾಯಿಪಾಠ ಮಾಡ್ತೀವಿ, ಆಮೇಲೆ ಮರೀತೀವಿ.

ಪುಸ್ತಕಗಳನ್ನು ವಿಮರ್ಶೆ ಮಾಡುವ ಹಾಗೆ ಚಿತ್ರಗಳನ್ನೂ ವಿಮರ್ಶೆ ಮಾಡಬೇಕು ಅನ್ನೋದು ನನ್ನ ಅಭಿಪ್ರಾಯ. ಯಾಕಂದ್ರೆ ಪುಸ್ತಕದ ವಾಕ್ಯ ಮರೆತರೂ ಚಿತ್ರ ಉಳಿಯುತ್ತದೆ. ಈ ಚಿತ್ರದ ಮೇಲೆ ನನ್ನ ದೂರು ಒಂದೇ: ಇದು ಹೆಸರುಗಳನ್ನು ಕೊಡುತ್ತದೆ, ಕಾರಣ ಕೊಡುವುದಿಲ್ಲ.

ಮೊದಲು ಎರಡು ಪದಗಳ ಪರಿಚಯ. ನಮ್ಮ ಮೈಯಲ್ಲಿರುವ ಒಂದು ಕೋಶ ಎರಡಾಗಬೇಕಾದರೆ ಮೊದಲು ತನ್ನ ಡಿಎನ್ಎಯನ್ನು ನಕಲು ಮಾಡಿಕೊಳ್ಳಬೇಕು (ಎಸ್ ಹಂತ), ಆಮೇಲೆ ಆ ನಕಲುಗಳನ್ನು ಸರಿಸಮವಾಗಿ ಹಂಚಿ ವಿಭಜನೆಯಾಗಬೇಕು (ಎಂ ಹಂತ). ಮಧ್ಯದ ಜಿ1, ಜಿ2 ಬೆಳೆಯುವ, ಸಿದ್ಧವಾಗುವ ಸಮಯ. ಈ ಕೆಲಸಗಳಿಗೆ ಚಾಲನೆ ಕೊಡುವ ಕಿಣ್ವಗಳೇ ಕೈನೇಸ್‌ಗಳು. ಇವು ಬೇರೆ ಪ್ರೋಟೀನ್‌ಗಳಿಗೆ ಫಾಸ್ಫೇಟ್ ಎಂಬ ಚಿಕ್ಕ ರಾಸಾಯನಿಕ ತುಣುಕನ್ನು ಅಂಟಿಸಿ ಅವುಗಳ ನಡತೆಯನ್ನು ಬದಲಿಸುತ್ತವೆ. ಸಿಡಿಕೆ ಅನ್ನೋದು ಅಂಥ ಒಂದು ಕೈನೇಸ್ ಕುಟುಂಬ. ಆದರೆ ಅದು ಒಂಟಿಯಾಗಿ ಕೆಲಸ ಮಾಡಲ್ಲ. ಸೈಕ್ಲಿನ್ ಎಂಬ ಇನ್ನೊಂದು ಪ್ರೋಟೀನ್ ಬಂದು ಜೊತೆಯಾದರೇನೇ ಅದಕ್ಕೆ ಜೀವ ಬರುವುದು. ಸಿಡಿಕೆ ಕೋಶದಲ್ಲಿ ಹೆಚ್ಚುಕಮ್ಮಿ ಒಂದೇ ಪ್ರಮಾಣದಲ್ಲಿ ಇರುತ್ತದೆ. ಏರುವುದು, ಇಳಿಯುವುದು ಸೈಕ್ಲಿನ್.

ಈ ಏರಿಳಿತ ಮೊದಲು ಕಣ್ಣಿಗೆ ಬಿದ್ದದ್ದು 1982ರಲ್ಲಿ, ಅಮೆರಿಕದ ವುಡ್ಸ್ ಹೋಲ್‌ನಲ್ಲಿರುವ ಸಮುದ್ರ ಜೀವಶಾಸ್ತ್ರದ ಪ್ರಯೋಗಾಲಯದಲ್ಲಿ. ಬ್ರಿಟಿಷ್ ವಿಜ್ಞಾನಿ ಟಿಮ್ ಹಂಟ್, ಸೀ ಅರ್ಚಿನ್ ಎಂಬ ಮುಳ್ಳುಮೈಯ ಕಡಲ ಪ್ರಾಣಿಯ ಮೊಟ್ಟೆಗಳನ್ನು ತೆಗೆದುಕೊಂಡು, ಅವು ಫಲಿತವಾದ ಮೇಲೆ ಯಾವ್ಯಾವ ಪ್ರೋಟೀನ್ ತಯಾರಾಗುತ್ತವೆ ಎಂದು ನೋಡುತ್ತಿದ್ದರು. ಹೊಸದಾಗಿ ತಯಾರಾಗುವ ಪ್ರೋಟೀನ್‌ಗಳಿಗೆ ವಿಕಿರಣದ ಗುರುತು ಹಾಕಿ, ಆಗಾಗ ಒಂದಿಷ್ಟು ಸ್ಯಾಂಪಲ್ ತೆಗೆದು ಪರೀಕ್ಷಿಸುವುದು ಅವರ ವಿಧಾನ. ಹೊತ್ತು ಹೋದ ಹಾಗೆ ಹೆಚ್ಚಿನ ಪ್ರೋಟೀನ್‌ಗಳ ಪಟ್ಟಿ ಗಾಢವಾಗುತ್ತಾ ಹೋಯಿತು. ಒಂದು ಮಾತ್ರ ಗಾಢವಾಗಿ, ಕೋಶ ವಿಭಜನೆಯ ಹೊತ್ತಿಗೆ ಮಾಯವಾಗಿ, ಮತ್ತೆ ಕಾಣಿಸಿಕೊಂಡಿತು. ಅದಕ್ಕೆ ಸೈಕ್ಲಿನ್ ಎಂದು ಹೆಸರಿಟ್ಟು, 1983ರಲ್ಲಿ ಹಂಟ್ ಮತ್ತು ಸಂಗಡಿಗರು ಪ್ರಕಟಿಸಿದರು.

ಗಮನಿಸಿ, ಆಗ ಸಿಕ್ಕಿದ್ದು ಬರೀ ಹೆಸರಲ್ಲ, ಒಂದು ಲಯ. ಕಟ್ಟುವುದು ನಿಧಾನ, ಕೆಡವುವುದು ದಿಢೀರ್. ಸೈಕ್ಲಿನ್‌ನ ಇಡೀ ಸ್ವಾರಸ್ಯ ಇರುವುದು ಅಲ್ಲೇ.

ಅತ್ತ ಪಾಲ್ ನರ್ಸ್ ಯೀಸ್ಟ್‌ನಲ್ಲಿ ಇದೇ ಕಥೆಯ ಇನ್ನೊಂದು ತುದಿ ಹಿಡಿದಿದ್ದರು: ಕೋಶ ಯಾವಾಗ ವಿಭಜನೆಯಾಗಬೇಕು ಅನ್ನೋದನ್ನು ನಿರ್ಧರಿಸುವ ಒಂದು ಜೀನ್. 1987ರಲ್ಲಿ ಅವರೂ ಮೆಲನಿ ಲೀ ಅವರೂ, ಆ ಜೀನ್ ಕೆಟ್ಟುಹೋದ ಯೀಸ್ಟ್‌ಗೆ ಮನುಷ್ಯರ ಜೀನ್ ಹಾಕಿ ನೋಡಿದರು. ಯೀಸ್ಟ್ ಮತ್ತೆ ವಿಭಜನೆಯಾಯಿತು! ನಮಗೂ ಯೀಸ್ಟ್‌ಗೂ ದಾಯಾದಿ ಸಂಬಂಧ ಕಡಿದು ನೂರು ಕೋಟಿ ವರ್ಷಕ್ಕೂ ಹೆಚ್ಚಾಗಿದೆ, ಆದರೂ ಬಿಡಿಭಾಗ ಅದಲುಬದಲು ಮಾಡಬಹುದು. ಆ ಜೀನ್ ತಯಾರಿಸುವ ಪ್ರೋಟೀನನ್ನೇ ನಾವು ಈಗ ಸಿಡಿಕೆ1 ಅನ್ನೋದು. 2001ರಲ್ಲಿ ಹಂಟ್, ನರ್ಸ್ ಮತ್ತು ಯೀಸ್ಟ್‌ನಲ್ಲಿ ಈ ದಾರಿಯನ್ನು ಮೊದಲು ತೆರೆದ ಲೀಲ್ಯಾಂಡ್ ಹಾರ್ಟ್‌ವೆಲ್, ಮೂವರಿಗೂ ನೊಬೆಲ್ ಬಂತು.

ಈಗ ನಮ್ಮ ಚಿತ್ರಕ್ಕೆ ಬರೋಣ. ನಾಲ್ಕು ಬಣ್ಣ, ನಾಲ್ಕು ಅಲೆ ನೋಡಿದವರ ಮನಸ್ಸಿಗೆ ಏನು ಬರುತ್ತದೆ? ನಾಲ್ಕು ಬಾಗಿಲು, ನಾಲ್ಕು ಬೀಗದಕೈ. ಎಸ್ ಬಾಗಿಲಿಗೆ ಒಂದು ಕೈ, ಎಂ ಬಾಗಿಲಿಗೆ ಇನ್ನೊಂದು. ಒಂದು ಕೈ ಕಳೆದರೆ ಆ ಬಾಗಿಲು ತೆರೆಯಬಾರದು, ಅಲ್ವಾ?

ಆದರೆ ತೆರೆಯುತ್ತದೆ. 2003ರಲ್ಲಿ ಎರಡು ತಂಡಗಳು ಸಿಡಿಕೆ2 ಇಲ್ಲದ ಇಲಿಗಳನ್ನು ಬೆಳೆಸಿದವು. ಚಿತ್ರದ ಪ್ರಕಾರ ಅವುಗಳ ಕೋಶಗಳು ಡಿಎನ್ಎ ನಕಲು ಮಾಡಲಾಗದೆ ನಿಲ್ಲಬೇಕಿತ್ತು. ಇಲಿಗಳು ಬದುಕಿದವು, ಮರಿ ಹಾಕುವ ಶಕ್ತಿಯೊಂದು ಇರಲಿಲ್ಲ. 2007ರಲ್ಲಿ ಇನ್ನೂ ಮುಂದೆ ಹೋಗಿ ಸಿಡಿಕೆ2, 3, 4, 6 ನಾಲ್ಕನ್ನೂ ತೆಗೆದಾಗ, ಸಿಡಿಕೆ1 ಒಂದರ ಬಲದಿಂದಲೇ ಇಲಿಯ ಭ್ರೂಣ ಗರ್ಭದ ಮಧ್ಯಾವಧಿಯವರೆಗೆ ಬೆಳೆಯಿತು. 2010ರಲ್ಲಿ ಡೇಮಿಯನ್ ಕೂದ್ರೂಜ಼್ ಮತ್ತು ನರ್ಸ್ ಯೀಸ್ಟ್‌ನಲ್ಲಿ ಒಂದು ಸೈಕ್ಲಿನ್ ಮತ್ತು ಒಂದು ಸಿಡಿಕೆಯನ್ನು ಬೆಸೆದು ಒಂದೇ ಪ್ರೋಟೀನ್ ಮಾಡಿದರು. ವಿಭಜನೆಗೆ ಬೇಕಾದ ಉಳಿದ ಸೈಕ್ಲಿನ್‌ಗಳನ್ನು ತೆಗೆದರೂ ಆ ಯೀಸ್ಟ್ ಆರಾಮಾಗಿ ವಿಭಜನೆಯಾಗುತ್ತಿತ್ತು. ಆ ಒಂದೇ ಪ್ರೋಟೀನಿನ ಚಟುವಟಿಕೆ ಕಡಿಮೆ ಇದ್ದಾಗ ಡಿಎನ್ಎ ನಕಲು ಶುರು, ಇನ್ನೂ ಏರಿದಾಗ ವಿಭಜನೆ ಶುರು.

ಇದನ್ನು ಹೇಳಲು ನಮ್ಮ ಕಡೆಯ ಕೆರೆಗಿಂತ ಒಳ್ಳೆಯ ಹೋಲಿಕೆ ನನಗೆ ಸಿಕ್ಕಿಲ್ಲ. ಮಳೆಗಾಲದಲ್ಲಿ ಕೆರೆ ತುಂಬುತ್ತಾ ಹೋಗುತ್ತದೆ. ನೀರು ಒಂದು ಮಟ್ಟಕ್ಕೆ ಬಂದಾಗ ತೂಬಿನಿಂದ ಗದ್ದೆಗೆ ಹರಿಯಬಹುದು. ಇನ್ನೂ ಏರಿದರೆ ಕೋಡಿ ಬೀಳುತ್ತದೆ. ತೂಬಿಗೊಂದು ನೀರು, ಕೋಡಿಗೊಂದು ನೀರು ಅಂತ ಇರಲ್ಲ. ನೀರು ಒಂದೇ, ಮಟ್ಟ ಬೇರೆ. ಯಾವುದು ಮೊದಲು, ಯಾವುದು ಆಮೇಲೆ ಅನ್ನೋದಕ್ಕೆ ಬೇರೆ ಮೇಲ್ವಿಚಾರಕರೂ ಬೇಡ. ಮಟ್ಟವೇ ಆ ಕ್ರಮವನ್ನು ಕಾಯುತ್ತದೆ.

ಕೋಶದಲ್ಲಿ ಇದರ ಮುಂದೆ ಇನ್ನೊಂದು ಸಂಗತಿ ನಡೆಯುತ್ತದೆ. ಸಿಡಿಕೆ1ರ ಚಟುವಟಿಕೆ ತುತ್ತತುದಿಗೆ ಹೋದಾಗ ಅದೇ ಒಂದು ಯಂತ್ರಕ್ಕೆ ಚಾಲನೆ ಕೊಡುತ್ತದೆ, ಆ ಯಂತ್ರ ಸೈಕ್ಲಿನ್‌ಗಳನ್ನು ಹುಡುಕಿ ನಾಶ ಮಾಡಿಸುತ್ತದೆ. ಕೋಡಿ ಬಿದ್ದ ನೀರೇ ಹೋಗಿ ಏರಿ ಒಡೆದ ಹಾಗೆ. ಕೆರೆಗೆ ಇದು ಅನಾಹುತ, ಕೋಶಕ್ಕೆ ಇದೇ ಕ್ಷೇಮ. ಯಾಕಂದ್ರೆ ಮುಂದಿನ ಸುತ್ತಿನ ಡಿಎನ್ಎ ನಕಲಿಗೆ ಬೇಕಾದ ತಯಾರಿ ನಡೆಯುವುದು ಸಿಡಿಕೆ ಮಟ್ಟ ತೀರಾ ಕೆಳಗಿದ್ದಾಗ ಮಾತ್ರ. ಮಟ್ಟ ಮೇಲಿರುವಷ್ಟು ಹೊತ್ತೂ ಆ ತಯಾರಿಗೆ ತಡೆ ಇರುತ್ತದೆ. ಹಾಗಾಗಿ ಒಂದು ಸುತ್ತಿಗೆ ಒಂದೇ ನಕಲು. ಇಳಿತ ಅನ್ನೋದು ಅಲೆಯ ಬಾಲವಲ್ಲ, ಅದೂ ಒಂದು ಸಂದೇಶ. ಪಠ್ಯಪುಸ್ತಕದ ಚಿತ್ರದಲ್ಲಿ ಇಳಿತಕ್ಕೆ ಹೆಸರೂ ಇಲ್ಲ, ಬಣ್ಣವೂ ಇಲ್ಲ.

ಚಿತ್ರ ಬರೆದವರ ಪರವಾಗಿಯೂ ಮಾತಾಡಬೇಕು. ನನ್ನ ಕೆಲಸ ಡೇಟಾ ಸೈನ್ಸ್. ಅಲ್ಲಿ ಕಲಿತ ಒಂದು ಪಾಠ: ಒಂದು ಚಿಕ್ಕ ಮಾಡೆಲ್ ಸಾಕಾಗುತ್ತದೆ ಅಂದ ಮಾತ್ರಕ್ಕೆ ಉಳಿದದ್ದೆಲ್ಲ ದಂಡ ಅಂತಲ್ಲ. ಯೀಸ್ಟ್ ಒಂಟಿ ಕೋಶದ ಜೀವಿ. ನಮ್ಮ ದೇಹದಲ್ಲಿ ಲಿವರ್ ಕೋಶ ಸುಮ್ಮನಿರಬೇಕು, ಕರುಳಿನ ಒಳಪದರ ನವೀಕರಣ ಆಗುತ್ತಲೇ ಇರಬೇಕು. ಯಾವ ಕೋಶ, ಯಾವಾಗ, ಯಾರ ಮಾತು ಕೇಳಿ ವಿಭಜನೆಯಾಗಬೇಕು ಅನ್ನುವಲ್ಲಿ ಬೇರೆಬೇರೆ ಸೈಕ್ಲಿನ್‌ಗಳಿಗೆ ನಿಜವಾದ ಕೆಲಸವಿದೆ. ಸಿಡಿಕೆ4 ಮತ್ತು 6 ಎರಡೂ ಇಲ್ಲದ ಇಲಿ ಭ್ರೂಣಗಳಲ್ಲಿ ಅನೇಕ ಅಂಗಗಳು ಬೆಳೆದವು, ಆದರೆ ರಕ್ತ ಸಾಕಾಗದೆ ಅವು ಹುಟ್ಟುವ ಮುಂಚೆಯೇ ಸತ್ತವು. ಅಂದರೆ ಬಣ್ಣಗಳು ಸುಳ್ಳಲ್ಲ. ಅವು ಹೇಳುವುದು ಹಂತದ ಕಥೆಗಿಂತ ಹೆಚ್ಚಾಗಿ ಅಂಗಾಂಶದ ಕಥೆ.

ಇದೆಲ್ಲ ಯಾಕೆ ಮುಖ್ಯ? ನಮ್ಮ ಸೋದರತ್ತೆಗೆ ಸ್ತನ ಕ್ಯಾನ್ಸರ್. ಡಾಕ್ಟರು ಪಾಲ್ಬೊಸಿಕ್ಲಿಬ್ ಮಾತ್ರೆ ಬರೆದಿದ್ದಾರೆ. ಸಿಡಿಕೆ4 ಮತ್ತು 6ನ್ನು ತಡೆಯುವ ಔಷಧಿ ಅದು, ಅಮೆರಿಕದಲ್ಲಿ 2015ರಲ್ಲಿ ಅನುಮತಿ ಸಿಕ್ಕಿದ್ದು. ಮೂರು ವಾರ ನುಂಗಬೇಕು, ಒಂದು ವಾರ ಬಿಡಬೇಕು. ಫೋನಿನಲ್ಲಿ ಅತ್ತೆ ಕೇಳಿದರು: "ಅಲ್ಲ ಕಣೋ, ಇದು ಕ್ಯಾನ್ಸರ್‌ಗೆ ಬ್ರೇಕ್ ಹಾಕೋ ಮಾತ್ರೆ ಅಂತಾರೆ. ಒಂದು ವಾರ ಬ್ರೇಕ್ ತೆಗೆದ್ರೆ ಗಾಡಿ ಓಡಲ್ವಾ?"

ನ್ಯಾಯವಾದ ಪ್ರಶ್ನೆ. ಬ್ರೇಕ್, ಆಕ್ಸಿಲರೇಟರ್ ಎಂಬ ಹೋಲಿಕೆ ಕೊಟ್ಟವರು ನಾವೇ, ಅದು ಎಲ್ಲಿ ಕೈಕೊಡುತ್ತದೆ ಅಂತ ಹೇಳಿರುವುದಿಲ್ಲ. ಮೂಳೆಯ ಮಜ್ಜೆಯಲ್ಲಿ ರಕ್ತಕಣ ತಯಾರಿಸುವ ಕೋಶಗಳೂ ಅದೇ ಸಿಡಿಕೆ4, 6ನ್ನು ನೆಚ್ಚಿಕೊಂಡಿವೆ. ಮಾತ್ರೆ ನುಂಗುವಾಗ ಅವೂ ನಿಧಾನವಾಗುತ್ತವೆ, ಬಿಳಿ ರಕ್ತಕಣ ಕಡಿಮೆಯಾಗುತ್ತದೆ. ಅವು ಹೆಚ್ಚಾಗಿ ಸಾಯುವುದಿಲ್ಲ, ತಡೆದು ನಿಂತಿರುತ್ತವೆ ಅಷ್ಟೇ. ಬಿಡುವಿನ ವಾರ ಇರುವುದು ಅವು ಚೇತರಿಸಿಕೊಳ್ಳಲಿ ಅಂತ. ಅತ್ತೆಗೆ ಕೆರೆಯ ಹೋಲಿಕೆಯಲ್ಲೇ ಹೇಳಿದೆ: ಕಳೆ ಬೆಳೆಯೋ ಗದ್ದೆಗೂ ನಮ್ಮ ಬತ್ತದ ಗದ್ದೆಗೂ ಒಂದೇ ತೂಬಿನಿಂದ ನೀರು ಹೋಗುತ್ತೆ. ಕಳೆ ಒಣಗಲಿ ಅಂತ ತೂಬು ಮುಚ್ಚಿದ್ದಾರೆ, ಬತ್ತ ಒಣಗದಿರಲಿ ಅಂತ ನಡುವೆ ಒಂದಿಷ್ಟು ಬಿಡ್ತಾರೆ. ಅವರಿಗೆ ತಕ್ಷಣ ಅರ್ಥವಾಯಿತು. ರಕ್ತ ಪರೀಕ್ಷೆ ಮಾಡಿಸೋಕೆ ಯಾಕೆ ಕರೀತಾರೆ ಅನ್ನೋದೂ ಅದರಲ್ಲೇ ಸಿಕ್ಕಿತು.

ಹಾಗಾದರೆ ಚಿತ್ರ ಹೇಗಿರಬೇಕು? ನನ್ನ ಬೇಡಿಕೆ ದೊಡ್ಡದಲ್ಲ. ನಾಲ್ಕು ಅಲೆಗಳಿಗೆ ಮುಂಚೆ ಒಂದೇ ಗೆರೆ ಬರೆಯಿರಿ: ಒಟ್ಟು ಸಿಡಿಕೆ ಚಟುವಟಿಕೆಯದು. ನಿಧಾನವಾಗಿ ಏರಲಿ, ದಿಢೀರನೆ ಬೀಳಲಿ. ಅದಕ್ಕೆ ಅಡ್ಡವಾಗಿ ಎರಡು ಚುಕ್ಕೆಗೆರೆ ಎಳೆಯಿರಿ, ಕೆಳಗಿನದು ಡಿಎನ್ಎ ನಕಲಿಗೆ, ಮೇಲಿನದು ವಿಭಜನೆಗೆ. ಬಿದ್ದ ಜಾಗದಲ್ಲಿ "ಮುಂದಿನ ಸುತ್ತಿಗೆ ತಯಾರಿ" ಅಂತ ಬರೆಯಿರಿ. ಹೆಸರುಗಳು ಎರಡನೇ ಪುಟದಲ್ಲಿ ಬರಲಿ, ಯಾವ ಅಂಗಾಂಶಕ್ಕೆ ಯಾವ ಜೋಡಿ ಬೇಕು ಅನ್ನೋ ವಿವರದ ಜೊತೆ.

ಇಲ್ಲಿ ಹುಟ್ಟಿ ಬೆಳೆದು, ಕನ್ನಡ ಕಲಿಯುತ್ತಾ ಈ ಬ್ಲಾಗ್ ಓದುತ್ತಿರುವ ಹೈಸ್ಕೂಲ್, ಕಾಲೇಜಿನವರಿಗೆ ಒಂದು ಮಾತು. ಮುಂದಿನ ಸಲ ಟೀಚರ್ ಆ ನಾಲ್ಕು ಬಣ್ಣದ ಚಿತ್ರ ತೋರಿಸಿದಾಗ, "ಸೈಕ್ಲಿನ್ ಬೀಳದೇ ಹಾಗೇ ಇದ್ದರೆ ಏನಾಗುತ್ತದೆ?" ಅಂತ ಕೇಳಿ. ಉತ್ತರ 1989ರಿಂದ ಗೊತ್ತಿದೆ: ಆ್ಯಂಡ್ರೂ ಮರ್ರಿ, ಮಾರ್ಕ್ ಕರ್ಷ್‌ನರ್ ಮತ್ತು ಸಂಗಡಿಗರು, ನಾಶವಾಗದಂಥ ಸೈಕ್ಲಿನನ್ನು ಕಪ್ಪೆ ಮೊಟ್ಟೆಯ ರಸಕ್ಕೆ ಹಾಕಿದಾಗ ಅದು ಎಂ ಹಂತದಲ್ಲೇ ಸಿಕ್ಕಿಹಾಕಿಕೊಂಡಿತು. ಅದರಿಂದಾಚೆ ಬರಲಿಕ್ಕೇ ಆಗಲಿಲ್ಲ. ಆ ಒಂದು ಪ್ರಶ್ನೆ ಕೇಳಿದರೆ ಚಿತ್ರದಲ್ಲಿ ಬಿಟ್ಟುಹೋದ ಅರ್ಧ ಕಥೆ ಕ್ಲಾಸಿಗೆ ಬಂದೇ ಬರುತ್ತದೆ.