ಸೂಪರ್ ಸ್ಪೆಷಾಲಿಟಿ: ಕಾವಲೆಲ್ಲ ಬಾಗಿಲಿಗೇ

ಯಾವುದೇ ಜಿಲ್ಲಾ ಕೇಂದ್ರದ ಮುಖ್ಯರಸ್ತೆಯಲ್ಲಿ ನಡೆದರೂ 'ಸೂಪರ್ ಸ್ಪೆಷಾಲಿಟಿ' ಎಂಬ ಫಲಕ ಎರಡಾದರೂ ಕಣ್ಣಿಗೆ ಬೀಳುತ್ತವೆ. ವೈದ್ಯರ ಹೆಸರಿನ ಮುಂದೆ ಎಂಬಿಬಿಎಸ್, ಎಂಡಿ ಇರುತ್ತದೆ. ಆಮೇಲೆ ಒಬ್ಬರಿಗೆ ಡಿಎಂ, ಇನ್ನೊಬ್ಬರಿಗೆ ಒಂದು ಫೆಲೋಶಿಪ್, ಮತ್ತೊಬ್ಬರಿಗೆ ಬಿಡಿಸಿ ಓದಲಾಗದ ಐದಾರು ಅಕ್ಷರ. ಇವುಗಳಲ್ಲಿ ಯಾವುದು ವಾರ್ಡಿನಲ್ಲಿ ಹಗಲಿರುಳು ಕಳೆದ ಮೂರು ವರ್ಷ, ಯಾವುದು ಕೆಲವು ವಾರದ ಸರ್ಟಿಫಿಕೇಟು ಎಂಬುದು ಚೀಟಿ ಹಿಡಿದು ಕೂತ ರೋಗಿಗೆ ಗೊತ್ತಾಗುವುದಿಲ್ಲ. ನಿಯಮವೇನೋ ಇದೆ. ಆಯಾ ಶಾಖೆಯಲ್ಲಿ ವಿಶೇಷ ಅರ್ಹತೆ ಇಲ್ಲದವರು ತಾವು ತಜ್ಞರೆಂದು ಹೇಳಿಕೊಳ್ಳಬಾರದು ಎಂದು 2002ರ ವೈದ್ಯಕೀಯ ನೀತಿ ನಿಯಮಾವಳಿಯ 7.20ನೇ ಕಲಮು ಹೇಳುತ್ತದೆ. ರಾಷ್ಟ್ರೀಯ ವೈದ್ಯಕೀಯ ಆಯೋಗ, ಅಂದರೆ ಎನ್‌ಎಂಸಿ, 2023ರ ಆಗಸ್ಟ್‌ನಲ್ಲಿ ತಂದ ಹೊಸ ನಿಯಮಾವಳಿ ಅದೇ ತಿಂಗಳು ತಡೆಹಿಡಿಯಲ್ಪಟ್ಟಿತು. ಹಳೆಯದೇ ಮತ್ತೆ ಜಾರಿಗೆ ಬಂತು.

ನಮ್ಮ ವ್ಯವಸ್ಥೆಯಲ್ಲಿ ಉಪತಜ್ಞತೆಯ, ಅಂದರೆ ಸೂಪರ್ ಸ್ಪೆಷಾಲಿಟಿಯ, ಹಾದಿ ದೀರ್ಘವಾದದ್ದು. ಇಂಟರ್ನ್‌ಶಿಪ್ ಸೇರಿ ಎಂಬಿಬಿಎಸ್‌ಗೆ ಐದೂವರೆ ವರ್ಷ, ಎಂಡಿ ಅಥವಾ ಎಂಎಸ್‌ಗೆ ಮೂರು, ಆಮೇಲೆ ಡಿಎಂ ಅಥವಾ ಎಂಸಿಎಚ್‌ಗೆ ಇನ್ನೂ ಮೂರು. ಎಲ್ಲೂ ಎಡವದಿದ್ದರೂ ಹನ್ನೊಂದೂವರೆ ವರ್ಷ. ಈ ಏಣಿಯ ಬಗ್ಗೆ ನನಗೆ ತಕರಾರಿಲ್ಲ. ಇಡೀ ದೇಹವನ್ನು ನೋಡಲು ಕಲಿತವರೇ ಒಂದು ಅಂಗಕ್ಕೆ ಇಳಿಯಬೇಕು ಎಂಬ ವಿವೇಕ ಅದರಲ್ಲಿದೆ. ಎದೆ ಉರಿ ಎಂದು ಬಂದವರಲ್ಲಿ ಹೃದಯಾಘಾತವನ್ನು ಗುರುತಿಸುವುದು ಹೃದ್ರೋಗ ತಜ್ಞರಿಗೆ ಎಷ್ಟು ಗೊತ್ತಿರಬೇಕೋ, ಹೃದಯದ್ದಲ್ಲದ ನೋವನ್ನು ಗುರುತಿಸಿ ಬೇರೆಯವರ ಬಳಿ ಕಳಿಸುವುದೂ ಅಷ್ಟೇ ಗೊತ್ತಿರಬೇಕು. ನನ್ನ ತಕರಾರು ನಿಯಂತ್ರಕರ ಕಾವಲಿನ ಬಗ್ಗೆ. ಅದೆಲ್ಲ ಪ್ರವೇಶದ ಬಾಗಿಲಲ್ಲೇ ಮುಗಿದುಹೋಗುತ್ತದೆ.

ಡಿಎಂ, ಎಂಸಿಎಚ್ ಪ್ರವೇಶ ಪರೀಕ್ಷೆಯಾದ ನೀಟ್-ಎಸ್‌ಎಸ್‌ನ 2021ರ ಪ್ರಕರಣವನ್ನೇ ನೋಡಿ. 2017ರಿಂದ ದೇಶಕ್ಕೆಲ್ಲ ಒಂದೇ ಆದ ಈ ಪರೀಕ್ಷೆಯಲ್ಲಿ ಶೇ. 60ರಷ್ಟು ಪ್ರಶ್ನೆಗಳು ಸೇರಬಯಸುವ ಉಪಶಾಖೆಯಿಂದ, ಶೇ. 40ರಷ್ಟು ತಳಹದಿಯ ಎಂಡಿ, ಎಂಎಸ್ ವಿಷಯಗಳಿಂದ ಬರುತ್ತಿದ್ದವು. ನವೆಂಬರ್‌ನಲ್ಲಿ ಪರೀಕ್ಷೆ ಎನ್ನುವಾಗ ಆಗಸ್ಟ್ ಕೊನೆಯಲ್ಲಿ ಮಾದರಿಯೇ ಬದಲಾಯಿತು. ಕ್ರಿಟಿಕಲ್ ಕೇರ್‌ನಂಥ ಉಪಶಾಖೆಗೆ ಅರಿವಳಿಕೆಯಲ್ಲಿ ಎಂಡಿ ಮಾಡಿದವರೂ ಹೋಗಬಹುದು. ಆದರೆ ಹೊಸ ಪತ್ರಿಕೆಯಲ್ಲಿ ಎಲ್ಲ ಪ್ರಶ್ನೆಗಳೂ ಜನರಲ್ ಮೆಡಿಸಿನ್‌ನವು. ಅಭ್ಯರ್ಥಿಗಳು ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದರು. ಯುವ ವೈದ್ಯರನ್ನು ಅಧಿಕಾರದ ಆಟದಲ್ಲಿ ಕಾಲ್ಚೆಂಡು ಮಾಡಬೇಡಿ ಎಂದು ಪೀಠ ಛೀಮಾರಿ ಹಾಕಿತು. ಖಾಲಿ ಸೀಟು ತುಂಬಿಸಲು ಹೂಡಿದ ಉಪಾಯವೇ ಇದು ಎಂಬ ಸಂಶಯವೂ ನ್ಯಾಯಾಲಯದಲ್ಲಿ ಕೇಳಿಬಂತು. ಅಕ್ಟೋಬರ್‌ನಲ್ಲಿ ಸರ್ಕಾರ ಹಿಂದೆ ಸರಿದು, ಆ ವರ್ಷಕ್ಕೆ ಹಳೆಯ ಮಾದರಿಯನ್ನೇ ಉಳಿಸಿತು.

ಕೋರ್ಟಿನ ಸಿಟ್ಟು ನ್ಯಾಯವಾದದ್ದೇ. ತಳಹದಿಯ ವಿಷಯವನ್ನು ಪರೀಕ್ಷಿಸುವುದು ತಪ್ಪೇನಲ್ಲ; ಬೇರೆ ಬೇರೆ ತಳಹದಿಯಿಂದ ಬಂದವರನ್ನು ಒಂದೇ ತಕ್ಕಡಿಯಲ್ಲಿ, ಅದೂ ಕೊನೇ ಗಳಿಗೆಯಲ್ಲಿ, ತೂಗಹೊರಟದ್ದು ತಪ್ಪು. ಆದರೆ ಈ ಜಗಳದುದ್ದಕ್ಕೂ ಚರ್ಚೆಯಾದದ್ದು ಒಳಗೆ ಹೋಗುವವರು ಯಾರು ಎಂಬುದಷ್ಟೇ. ಮೂರು ವರ್ಷದ ನಂತರ ಹೊರಬರುವವರ ಕೈ ಏನು ಬಲ್ಲದು ಎಂದು ಯಾರೂ ಕೇಳಲಿಲ್ಲ. ಪಿ.ಜಿ. ವಿದ್ಯಾರ್ಥಿ ತಾನು ಮಾಡಿದ, ನೆರವಾದ, ಬರೀ ನೋಡಿದ ಕೆಲಸಗಳನ್ನು ಲಾಗ್‌ಬುಕ್‌ನಲ್ಲಿ ಬರೆದು ಅಧ್ಯಾಪಕರ ಸಹಿ ಪಡೆಯುತ್ತಾನೆ. ತರಬೇತಿಯ ನಿಜವಾದ ಚರಿತ್ರೆ ಇರುವುದು ಆ ಪುಸ್ತಕದಲ್ಲಿ. ಪದವಿ ಪ್ರಮಾಣಪತ್ರ ಮಾತ್ರ ನೂರು ಆಂಜಿಯೋಪ್ಲಾಸ್ಟಿ ಮಾಡಿದವನಿಗೂ ನೂರು ನೋಡಿದವನಿಗೂ ಒಂದೇ.

ಇನ್ನೊಂದು ಉದಾಹರಣೆ ಇಗ್ನೋ ವಿಶ್ವವಿದ್ಯಾಲಯದ್ದು. ಅದು 2006ರಲ್ಲಿ ಎಂಬಿಬಿಎಸ್ ವೈದ್ಯರಿಗಾಗಿ ಕ್ಲಿನಿಕಲ್ ಕಾರ್ಡಿಯಾಲಜಿಯಲ್ಲಿ ಎರಡು ವರ್ಷದ ಸ್ನಾತಕೋತ್ತರ ಡಿಪ್ಲೊಮಾ ತೆರೆಯಿತು. ತರಬೇತಿ ನಡೆದದ್ದು ಹೃದ್ರೋಗ ಆಸ್ಪತ್ರೆಗಳಲ್ಲೇ. ಕ್ಯಾತ್‌ಲ್ಯಾಬ್ ಇಲ್ಲದ ಊರಿನಲ್ಲಿ ಇಸಿಜಿ, ಎಕೊ ಓದಬಲ್ಲ, ತುರ್ತು ಚಿಕಿತ್ಸೆ ಕೊಟ್ಟು ಸಕಾಲಕ್ಕೆ ಮುಂದೆ ಕಳಿಸಬಲ್ಲ ವೈದ್ಯರು ಬೇಕೆಂಬ ಆಲೋಚನೆ ಸರಿಯಾಗಿತ್ತು. ಆಗಿನ ನಿಯಂತ್ರಕ ಸಂಸ್ಥೆಯಾದ ಭಾರತೀಯ ವೈದ್ಯಕೀಯ ಮಂಡಳಿ (ಎಂಸಿಐ) ಮಾನ್ಯತೆ ಕೊಡಲಿಲ್ಲ. ಕಲಿತವರು ವರ್ಷಗಟ್ಟಲೆ ಅತಂತ್ರರಾದರು. ಈ ಕೋರ್ಸ್ ಡಿಎಂಗೆ ಸಮ ಎಂದು ಒಪ್ಪಬೇಕಿರಲಿಲ್ಲ. ಇವರು ಏನು ಮಾಡಬಹುದು, ಎಲ್ಲಿಗೆ ನಿಲ್ಲಿಸಬೇಕು ಎಂದು ಗೆರೆ ಎಳೆದಿದ್ದರೆ ಸಾಕಿತ್ತು. ಕೆಲಸದ ವ್ಯಾಪ್ತಿಯನ್ನು ವಿವರಿಸುವ ಅಭ್ಯಾಸವೇ ಇಲ್ಲದ ನಿಯಂತ್ರಕರಿಗೆ ಮಾನ್ಯ, ಅಮಾನ್ಯ ಎಂಬೆರಡೇ ಮೊಹರು ಗೊತ್ತು.

ಪದವಿಯೊಂದೇ ಸಾಲದು ಎಂಬುದನ್ನು ಬ್ರಿಟನ್ ದುಬಾರಿ ಬೆಲೆ ತೆತ್ತು ಕಲಿಯಿತು. ಬ್ರಿಸ್ಟಲ್‌ನ ಆಸ್ಪತ್ರೆಯಲ್ಲಿ ದೊಡ್ಡವರ ಹೃದಯ ಕೊಯ್ಯುವ ಶಸ್ತ್ರವೈದ್ಯರೇ ಶಿಶುಗಳ ಹೃದಯವನ್ನೂ ಕೊಯ್ಯುತ್ತಿದ್ದರು. ಅಂಥ ಶಿಶುಗಳ ಸಂಖ್ಯೆಯೂ ಕಡಿಮೆ. 1991ರಿಂದ 1995ರವರೆಗೆ ಅಲ್ಲಿ ಒಂದು ವರ್ಷದೊಳಗಿನ ಮಕ್ಕಳ ಸಾವು ನಿರೀಕ್ಷೆಗಿಂತ 30ರಿಂದ 35ರಷ್ಟು ಹೆಚ್ಚಿತ್ತೆಂದು 2001ರ ಕೆನಡಿ ವರದಿ ಹೇಳಿತು. ಆ ಶಸ್ತ್ರವೈದ್ಯರು ಅರ್ಹತೆಯಿಲ್ಲದವರಲ್ಲ. ಕೊರತೆಯಿದ್ದದ್ದು ಮಕ್ಕಳ ಹೃದಯಕ್ಕೇ ಮೀಸಲಾದ ಶಸ್ತ್ರವೈದ್ಯರದು, ತಂಡದ ಹೊಂದಾಣಿಕೆಯದು, ಫಲಿತಾಂಶದ ಲೆಕ್ಕ ಕೇಳುವವರದು. ಇಂದು ಬ್ರಿಟನ್‌ನಲ್ಲಿ ವೈದ್ಯರ ತಜ್ಞತೆಯನ್ನು ಸಾರ್ವಜನಿಕ ನೋಂದಣಿಯಲ್ಲಿ ಯಾರು ಬೇಕಾದರೂ ನೋಡಬಹುದು. 2012ರ ಡಿಸೆಂಬರ್‌ನಿಂದ ಐದು ವರ್ಷಕ್ಕೊಮ್ಮೆ ವೈದ್ಯರ ಮರುಪರಿಶೀಲನೆಯೂ ನಡೆಯುತ್ತಿದೆ.

ನಮ್ಮ 2002ರ ನಿಯಮಾವಳಿ ಕೇಳುವುದು ಐದು ವರ್ಷಕ್ಕೆ 30 ಗಂಟೆಯ ಮುಂದುವರಿಕೆ ಶಿಕ್ಷಣ. ಅದು ತಮ್ಮದೇ ಉಪಶಾಖೆಯಲ್ಲಿರಬೇಕು ಎಂಬ ಮಾತು ಅಲ್ಲಿಲ್ಲ. ಮೂತ್ರಪಿಂಡ ತಜ್ಞರು ಚರ್ಮರೋಗದ ಭಾಷಣ ಕೇಳಿದರೂ ಗಂಟೆ ಗಂಟೆಯೇ.

ಪರಿಹಾರಕ್ಕೆ ಹೊಸ ಪದವಿಗಳು ಬೇಕಿಲ್ಲ. 2024ರಲ್ಲಿ ಆರಂಭವಾದ ರಾಷ್ಟ್ರೀಯ ವೈದ್ಯಕೀಯ ನೋಂದಣಿಯಲ್ಲಿ ಪ್ರತಿ ವೈದ್ಯರ ಮಾನ್ಯ ಉಪತಜ್ಞತೆ ಏನೆಂಬುದು ಜನರಿಗೆ ಕನ್ನಡದಲ್ಲೂ ಸಿಗಲಿ. ಡಿಎಂ, ಎಂಸಿಎಚ್ ಮುಗಿಸುವವರ ಲಾಗ್‌ಬುಕ್‌ನ ಸಾರ ಕಾಲೇಜಿನ ಕಪಾಟಿನಲ್ಲಿ ಕೊಳೆಯದೆ ವೈದ್ಯಕೀಯ ಪರಿಷತ್ತನ್ನು ತಲುಪಲಿ. ಫೆಲೋಶಿಪ್‌ಗಳಿಗೆ ಅವಧಿಯ ಜೊತೆ ಕೆಲಸದ ಗೆರೆಯನ್ನೂ ನಿಗದಿಪಡಿಸಲಿ. ಮುಂದುವರಿಕೆ ಶಿಕ್ಷಣದ ಗಂಟೆಗಳಲ್ಲಿ ಅರ್ಧವಾದರೂ ಸ್ವಂತ ಶಾಖೆಯದ್ದಾಗಿರಲಿ. ಕಟಾಫ್ ಪರ್ಸೆಂಟೈಲ್ ಇಳಿಸಿ ಸೀಟು ತುಂಬಿಸಿದರೆ ಕೋಷ್ಟಕ ಭರ್ತಿಯಾದೀತು. ಆ ಸೀಟಿನಿಂದ ಎದ್ದುಬಂದವರಿಗೆ ಏನು ಬರುತ್ತದೆ ಎಂಬ ಪ್ರಶ್ನೆಗೆ ಉತ್ತರ ಕೊಡಲಾಗದ ನಿಯಂತ್ರಣ, ಎಷ್ಟೇ ಕಟ್ಟುನಿಟ್ಟಿನ ಪ್ರವೇಶ ಪರೀಕ್ಷೆ ನಡೆಸಿದರೂ, ಅರ್ಧ ನಿಯಂತ್ರಣವೇ.