ಹಡಗು ನೋಡಿದೆವು, ಯುದ್ಧ ನೋಡಿದೆವೇ?

ಶಿರಸಿ, ಸಿದ್ದಾಪುರ, ಯಲ್ಲಾಪುರದ ಶಾಲಾ ಮಕ್ಕಳಿಗೆ ಯುದ್ಧ ಕಣ್ಣೆದುರು ಬಂದು ನಿಲ್ಲುವುದು ಕಾರವಾರದ ಕಡಲತೀರದಲ್ಲಿ. ದೇವಿಮನೆಯನ್ನೋ ಅರಬೈಲನ್ನೋ ಇಳಿದು ಹೋದ ಪ್ರವಾಸದ ಬಸ್ಸು, ಟ್ಯಾಗೋರ್ ತೀರದ ‘ಐಎನ್‌ಎಸ್ ಚಪಲ್’ ಯುದ್ಧನೌಕೆ ವಸ್ತುಸಂಗ್ರಹಾಲಯವನ್ನು ತೋರಿಸದೆ ಘಟ್ಟ ಹತ್ತುವುದು ಕಡಿಮೆ. ಇಷ್ಟು ಮಕ್ಕಳು ಬಂದು ಹೋಗುವ ಜಾಗ ಯುದ್ಧದ ಬಗ್ಗೆ ಏನು ಹೇಳುತ್ತದೆ, ಏನನ್ನು ನುಂಗಿಕೊಳ್ಳುತ್ತದೆ ಎಂದು ಕೇಳಲೇಬೇಕು.

ಮೆಚ್ಚಬೇಕಾದದ್ದು ಇದೆ. ಇಲ್ಲಿರುವುದು ಗಾಜಿನ ಪೆಟ್ಟಿಗೆಯೊಳಗಿನ ಮಾದರಿಯಲ್ಲ. 1976ರಲ್ಲಿ ನೌಕಾಪಡೆ ಸೇರಿ 2005ರಲ್ಲಿ ನಿವೃತ್ತಿಯಾದ, ಸೋವಿಯತ್ ನಿರ್ಮಿತ ನಿಜವಾದ ಕ್ಷಿಪಣಿ ದೋಣಿ. ಮರುವರ್ಷವೇ ಅದು ಸಂಗ್ರಹಾಲಯವಾಯಿತು. ಎಂಜಿನ್ ಕೋಣೆ, ಕಪ್ತಾನನ ಕೋಣೆ, ಸಮವಸ್ತ್ರ ತೊಟ್ಟ ಬೊಂಬೆಗಳು: ತಲೆ ತಗ್ಗಿಸಿಕೊಂಡು ಸುತ್ತಿ ಬರುವಷ್ಟರಲ್ಲಿ ನಾವಿಕರ ಇಕ್ಕಟ್ಟಿನ ಬದುಕು ಮೈಗೇ ತಿಳಿಯುತ್ತದೆ. ಯಾವ ಪಠ್ಯಪುಸ್ತಕವೂ ಇದನ್ನು ಕಲಿಸಲಾರದು.

ಆದರೆ ಒತ್ತೆಲ್ಲ ಯಂತ್ರದ ಮೇಲೆ. ಕ್ಷಿಪಣಿಯನ್ನು ಕಂಡ ಹುಡುಗ ‘ಎಷ್ಟು ದೂರ ಹೋಗ್ತದೆ?’ ಎಂದು ಕೇಳುತ್ತಾನೆ. ಹೋಗಿ ಬಿದ್ದಲ್ಲಿ ಏನಾಗುತ್ತದೆ ಎಂಬ ಪ್ರಶ್ನೆ ಅವನಲ್ಲಿ ಏಳುವಂತೆ ಪ್ರದರ್ಶನವನ್ನು ಜೋಡಿಸಿಲ್ಲ. ಚಪಲ್ 1971ರ ಭಾರತ–ಪಾಕಿಸ್ತಾನ ಯುದ್ಧದಲ್ಲಿ ಕರಾಚಿಗೆ ಬೆಂಕಿಯಿಟ್ಟ ಹಡಗು ಎಂಬ ಮಾತೂ ಚಾಲ್ತಿಯಲ್ಲಿದೆ. ಆಗ ಅದು ಸೇವೆಗೇ ಬಂದಿರಲಿಲ್ಲ. ಡಿಸೆಂಬರ್ 4ರ ರಾತ್ರಿ ಕರಾಚಿಗೆ ನುಗ್ಗಿದ್ದು ನಿಪತ್, ನಿರ್ಘಾತ್, ವೀರ್ ಎಂಬ ಹಿಂದಿನ ತಲೆಮಾರಿನ ದೋಣಿಗಳು. ಅಂದು ಪಾಕಿಸ್ತಾನದ ‘ಖೈಬರ್’ ಇನ್ನೂರಕ್ಕೂ ಹೆಚ್ಚು ಮಂದಿಯೊಂದಿಗೆ ಮುಳುಗಿತು. ಐದೇ ದಿನಗಳಲ್ಲಿ ನಮ್ಮ ‘ಖುಕ್ರಿ’ ಮುಳುಗಿ 18 ಅಧಿಕಾರಿಗಳು, 176 ನಾವಿಕರು ತೀರಿಕೊಂಡರು. ಮೊದಲ ರಾತ್ರಿಯನ್ನಷ್ಟೇ ಹೇಳಿದರೆ ಅದು ವಿಜಯದ ಕಥೆ. ಎರಡನ್ನೂ ಹೇಳಿದರೆ ಯುದ್ಧದ ಕಥೆ.

ಹಡಗಿನ ಮಗ್ಗುಲಲ್ಲೇ ಚೆಂಡಿಯಾ ಊರಿನ ಯೋಧ ರಾಮ ರಾಘೋಬ ರಾಣೆಯವರ ಪ್ರತಿಮೆಯಿದೆ. 1948ರ ಏಪ್ರಿಲ್‌ನಲ್ಲಿ, ಗಾಯಗೊಂಡಿದ್ದರೂ, ನೌಶೇರಾ–ರಾಜೌರಿ ಹಾದಿಯ ನೆಲಬಾಂಬುಗಳನ್ನೂ ಅಡೆತಡೆಗಳನ್ನೂ ತೆಗೆದು ಟ್ಯಾಂಕುಗಳಿಗೆ ದಾರಿ ಮಾಡಿಕೊಟ್ಟು ಪರಮವೀರ ಚಕ್ರ ಪಡೆದವರು. ಸಾವನ್ನು ನೆಲದಿಂದ ಕೈಯಾರೆ ಕಿತ್ತ ಈ ಧೈರ್ಯ ಇಡೀ ಪ್ರದರ್ಶನದ ನಡುಗಂಬವಾಗಬೇಕಿತ್ತು. ಬಹಳ ಮಂದಿಗೆ ಆ ಪ್ರತಿಮೆ ಫೋಟೋ ತೆಗೆಸಿಕೊಳ್ಳುವ ಜಾಗ.

ಕಾರವಾರದ ನೌಕಾನೆಲೆಯ ಹೆಸರು ‘ಐಎನ್‌ಎಸ್ ಕದಂಬ’. ಹೀಗೆ ಬನವಾಸಿಯ ಅರಸರ ಹೆಸರು ಘಟ್ಟ ಇಳಿಯಿತು. ಆ ಸೀಮೆ ಸತ್ತವರನ್ನು ನೆನೆಯುವ ರೀತಿ ಇಳಿಯಲಿಲ್ಲ. ದೇವಸ್ಥಾನದ ಅಂಗಳದಲ್ಲಿ, ಮರದ ಬುಡದಲ್ಲಿ ನಿಂತ ನಮ್ಮ ವೀರಗಲ್ಲುಗಳನ್ನು ನೋಡಿ: ಕೆಳಗೆ ಕಾದಾಟ, ನಡುವೆ ವೀರನನ್ನು ಒಯ್ಯುವ ಅಪ್ಸರೆಯರು, ಮೇಲೆ ಶಿವಸನ್ನಿಧಿ. ರಾಜರ ಗೆಲುವಿಗಷ್ಟೇ ಅಲ್ಲ, ಊರಿನ ದನ ಬಿಡಿಸಲು ಹೋಗಿ ಮಡಿದವನಿಗೂ ಕಲ್ಲು ನಿಲ್ಲಿಸುತ್ತಿದ್ದರು. ಇದು ಶಾಂತಿಯ ಸ್ಮಾರಕವೇನಲ್ಲ, ಸಾವಿಗೆ ಸ್ವರ್ಗದ ಆಮಿಷ ಒಡ್ಡುವ ಕಲ್ಲು. ಆದರೂ ಅಲ್ಲಿ ಮಾತು ಶುರುವಾಗುವುದು ಆಯುಧದಿಂದಲ್ಲ, ಸತ್ತವನಿಂದ. ಸಹಗಮನ ಮಾಡಿದವಳ ನೆನಪಿಗೆ ನಿಲ್ಲಿಸಿದ, ಬಳೆ ತೊಟ್ಟ ತೋಳಿನ ಮಾಸ್ತಿಕಲ್ಲಂತೂ, ಕೆತ್ತಿಸಿದವರ ಉದ್ದೇಶ ಏನೇ ಇದ್ದರೂ, ಗಂಡನ ಸಾವು ಹೆಂಡತಿಯಿಂದ ಏನನ್ನು ಕಸಿಯಿತು ಎಂಬುದನ್ನು ಹೇಳಿಬಿಡುತ್ತದೆ.

ಸತ್ತವರಿಂದ ಮಾತು ಶುರುಮಾಡುವುದು ಸಂಗ್ರಹಾಲಯಕ್ಕೂ ಸಾಧ್ಯ. 1955ರಲ್ಲಿ ತೆರೆದ ಹಿರೋಶಿಮಾದ ಶಾಂತಿ ಸಂಗ್ರಹಾಲಯ ಬಾಂಬಿನ ಬಲವನ್ನು ಹೇಳುವುದು ಸುಟ್ಟು ಕರಕಲಾದ ಊಟದ ಡಬ್ಬಿಯಿಂದ, ಮಗುವಿನ ಮೂರುಗಾಲಿ ಸೈಕಲ್ಲಿನಿಂದ. ಕಾರವಾರ ಹಿರೋಶಿಮಾ ಆಗಬೇಕಿಲ್ಲ. ನೌಕಾಪಡೆಯ ಹೆಮ್ಮೆಯನ್ನು ಬಿಡಬೇಕಾಗಿಯೂ ಇಲ್ಲ. ಖುಕ್ರಿ, ಖೈಬರ್ ಎರಡರಲ್ಲೂ ಸತ್ತವರ ಲೆಕ್ಕ, ರಾಣೆಯವರು ಮಾಡಿದ ಕೆಲಸದ ವಿವರ, ಈ ನೌಕಾನೆಲೆಯನ್ನು ಕಟ್ಟಿದ ‘ಸೀಬರ್ಡ್’ ಯೋಜನೆಗಾಗಿ ಕಾರವಾರ–ಅಂಕೋಲಾದ ಸಾವಿರಾರು ಕುಟುಂಬಗಳು ಊರು ಬಿಟ್ಟ ಸಂಗತಿ – ಇವು ಎದ್ದು ಕಾಣುವಂತೆ ಅಲ್ಲಿರಬೇಕು. ಈಗ ಹಡಗಿನ ಬಳಿಗೆ ಟುಪೊಲೆವ್-142 ವಿಮಾನವೂ ಬಂದಿದೆ. ಆದರೆ ಇನ್ನೊಂದು ಯಂತ್ರ ಬಂದ ಮಾತ್ರಕ್ಕೆ ಈ ಕೊರತೆ ತುಂಬದು. ಚಪಲ್ ಇಂದಿಗೆ ಒಳ್ಳೆಯ ನೌಕಾ ಸಂಗ್ರಹಾಲಯ. ಯುದ್ಧದ ಸಂಗ್ರಹಾಲಯ ಎನ್ನಿಸಿಕೊಳ್ಳಲು ಅದು ಸತ್ತವರಿಗೂ ಜಾಗ ಕೊಡಬೇಕು.