‘ಮಾಡಿದಷ್ಟು ನೀಡು ಭಿಕ್ಷೆ’: ವಿದ್ಯಾರ್ಥಿನಾಯಕತ್ವದ ದೃಷ್ಟಿಯಿಂದ ಒಂದು ಅರ್ಥವಿಮರ್ಶೆ

ಚಳ್ಳಕೆರೆ ಸೀಮೆಯ ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಗಳ ಹೆಸರಿನೊಡನೆ ‘ಮಾಡಿದಷ್ಟು ನೀಡು ಭಿಕ್ಷೆ’ ಎಂಬ ಮಾತು ಜನರ ಬಾಯಲ್ಲಿ ನಿಂತಿದೆ. ಇದನ್ನು ಗೃಹಸ್ಥನಿಗೆ ಹೇಳಿದ ದಾನೋಪದೇಶವೆಂದೂ, ‘ಮನೆಯಲ್ಲಿ ಮಾಡಿದುದನ್ನೆಲ್ಲ ನೀಡು’ ಎಂಬುದೇ ತಾತ್ಪರ್ಯವೆಂದೂ ತಿಳಿಯಲು ಅವಕಾಶವುಂಟು. ಆದರೆ ‘ಭಿಕ್ಷೆ’ ಎಂಬ ಕರ್ಮಪದವಿರಲು ‘ಮಾಡಿದಷ್ಟು’ ಎಂಬುದು ಎರಡನೆಯ ಕರ್ಮವಾಗಿ ಅನ್ವಯ ತೊಡಕಾಗುತ್ತದೆ. ಅದನ್ನು ಪರಿಮಾಣಬೋಧಕವಾದ ಕ್ರಿಯಾವಿಶೇಷಣವೆಂದು ಹಿಡಿದರೆ ತೊಡಕಿಲ್ಲ. ಆಗ ‘ಮಾಡಿದ’ ಎಂಬ ಕೃದಂತಕ್ಕೆ ಕರ್ತೃ ಬೇಡುವವನೇ: ದುಡಿದುದೆಷ್ಟೋ ಅಷ್ಟೇ ನೀಡು. ಮಳೆ ಕಡಮೆಯಾದ ಆ ನೆಲದಲ್ಲಿ ಸ್ವಾಮಿಗಳು ಕೆರೆಗಳನ್ನು ಕಟ್ಟಿಸಿದರೆಂಬ ಐತಿಹ್ಯ ಈ ಅರ್ಥಕ್ಕೆ ಪೋಷಕವಾಗಿದೆ.

ಹಾಗಾದರೆ ಅದು ಕೂಲಿಯಾಯಿತಲ್ಲವೆ ಎಂಬ ಆಕ್ಷೇಪ ಬರಬಹುದು. ಕೂಲಿ ಕರಾರಿನದು; ದುಡಿದವನಿಗೆ ಕೇಳುವ ಹಕ್ಕುಂಟು. ಭಿಕ್ಷೆಯಲ್ಲಿ ಕೆಲಸದ ಬೆಲೆಯನ್ನು ನಿರ್ಣಯಿಸುವವನು ನೀಡುವವನು. ಈ ಭೇದವೇ ಮುಖ್ಯ.

ಧರ್ಮಶಾಸ್ತ್ರದಲ್ಲಿ ಭಿಕ್ಷಾಟನವು ಬ್ರಹ್ಮಚಾರಿಗೆ, ಎಂದರೆ ವಿದ್ಯಾರ್ಥಿಗೆ, ವಿಹಿತವಾದುದು. ತೈತ್ತಿರೀಯದ ಶಿಕ್ಷಾವಲ್ಲಿಯಲ್ಲಿ ದಾನದ ಅನುಶಾಸನ ಬರುವುದು ಓದು ಮುಗಿಸಿದ ಶಿಷ್ಯನಿಗೆ. ಹಟ್ಟಿಯ ಮಾತು ಇನ್ನೂ ಓದುತ್ತಿರುವವನಿಗೆ ಸಲ್ಲುತ್ತದೆ. ವಾರಾನ್ನದಲ್ಲಿ ಓದಿದ ತಲೆಮಾರಿಗೆ ಇದಕ್ಕೆ ವ್ಯಾಖ್ಯಾನ ಬೇಕಿರಲಿಲ್ಲ.

ರಾಷ್ಟ್ರೀಯ ಸೇವಾ ಯೋಜನೆ 1969ರ ಸೆಪ್ಟೆಂಬರ್ 24ರಂದು 37 ವಿಶ್ವವಿದ್ಯಾನಿಲಯಗಳಲ್ಲಿ ಆರಂಭವಾಯಿತು. 2009ರಲ್ಲಿ ಸ್ಥಾಪಿತವಾದ ದಾವಣಗೆರೆ ವಿಶ್ವವಿದ್ಯಾನಿಲಯದ ವ್ಯಾಪ್ತಿಯಲ್ಲಿ ಚಿತ್ರದುರ್ಗ ಜಿಲ್ಲೆಯೂ ಇರುವುದರಿಂದ ಹಟ್ಟಿಯ ಸೀಮೆಯ ವಿದ್ಯಾರ್ಥಿಗಳಿಗೂ ಇದು ಪರಿಚಿತವೇ. ವರ್ಷಕ್ಕೆ 120 ಗಂಟೆ, ಎರಡು ವರ್ಷಕ್ಕೆ 240. ಜೊತೆಗೆ ಹಳ್ಳಿಯಲ್ಲಿ ಏಳು ದಿನಗಳ ಶಿಬಿರ. ಇದರಿಂದಾದ ಉಪಕಾರ ಅಲ್ಪವಲ್ಲ. ಆದರೆ ಇಲ್ಲಿ ‘ಅಷ್ಟು’ ಎಂಬ ಅಳತೆ ಗಂಟೆಯದು, ಹಟ್ಟಿಯ ಮಾತಿನಲ್ಲಿ ಕೆಲಸದ್ದು. ಏಳು ದಿನ ಗುಡಿಸಿದ ಬೀದಿ ಎಂಟನೆಯ ದಿನ ಹೇಗಿತ್ತೆಂದು ಗಂಟೆಯ ಲೆಕ್ಕ ಕೇಳುವುದಿಲ್ಲ. ಕೆರೆಯ ಏರಿ ಗಟ್ಟಿಯೋ ಅಲ್ಲವೋ ಮೊದಲ ದೊಡ್ಡ ಮಳೆಯೇ ಹೇಳಿಬಿಡುತ್ತದೆ. ಯೋಜನೆಯ ಧ್ಯೇಯವಾಕ್ಯವಾದ ‘ನನಗಲ್ಲ, ನಿನಗೆ’ ಎಂಬುದು ಉದಾರವಾದುದೇ. ಆದರೂ ಅದರ ಚತುರ್ಥಿಯಲ್ಲಿ ಸಂಪ್ರದಾನ ಹಳ್ಳಿಯವನು, ದಾತೃ ವಿದ್ಯಾರ್ಥಿ. ಹಟ್ಟಿಯ ವಾಕ್ಯದಲ್ಲಿ ಕಾರಕಗಳು ತಿರುಗಿವೆ. ದುಡಿದವನೇ ಕೈಯೊಡ್ಡಿ ನಿಂತಿದ್ದಾನೆ.

‘ನಾಯಕತ್ವ’ವೆಂಬ ಶಬ್ದವೂ ವಿಚಾರಾರ್ಹವಾದುದು. ದಶರೂಪಕದ ಪ್ರಕಾರ ಅಧಿಕಾರವೆಂದರೆ ಫಲಸ್ವಾಮ್ಯ. ಫಲ ಯಾರದೋ ಅವನು ಅಧಿಕಾರಿ. ನಾಟಕದ ನಾಯಕನಿಗೆ ಇದು ಸರಿಯಾದ ಲಕ್ಷಣ. ಇದೇ ಅರ್ಥ ವಿದ್ಯಾಶಾಲೆಯೊಳಗೆ ನುಸುಳಿದರೆ ಊರಿನ ಕೆಲಸ ನೆಪವಾಗಿ, ಪ್ರಮಾಣಪತ್ರವೇ ಫಲವಾಗುತ್ತದೆ. ಧಾತ್ವರ್ಥ ಬೇರೆ: ‘ನೀ’ ಧಾತುವಿಗೆ ಪ್ರಾಪಣವೆಂಬ, ಎಂದರೆ ತಲಪಿಸುವುದೆಂಬ ಅರ್ಥವೇ ಹೊರತು ಮುಂದೆ ನಡೆಯುವುದೆಂದಲ್ಲ. ಹೊಲಕ್ಕೆ ನೀರು ತಲಪಿಸಿದವನು ಈ ಅರ್ಥದಲ್ಲಿ ನಾಯಕ. (ಊರಿನ ಹೆಸರಿನಲ್ಲಿರುವ ನಾಯಕನು ಪಾಳೆಯಗಾರ, ಫಾಲ್ಗುಣದ ತೇರು ಮಾತ್ರ ಸ್ವಾಮಿಗಳದು.) ಈ ಅರ್ಥವನ್ನು ಒಪ್ಪುವ ವಿಶ್ವವಿದ್ಯಾನಿಲಯವು ಶಿಬಿರದ ವರದಿಯಲ್ಲಿ ಗಂಟೆಗಳ ಪಟ್ಟಿಯ ಪಕ್ಕದಲ್ಲಿ, ಒಂದು ಮಳೆಗಾಲ ಕಳೆದ ಮೇಲೆ ಊರಿನವರು ಆ ಕೆಲಸದ ವಿಷಯವಾಗಿ ಹೇಳಿದ ಮಾತಿಗೂ ಸ್ಥಳ ಬಿಡಬೇಕಾಗುತ್ತದೆ.